ಮಣ್ಣೆತ್ತು, ದಂಟಿನ ತಕ್ಕಡಿ ಮತ್ತು ಗುರುತ್ವಕೇಂದ್ರ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೈಕೆಲಸಗಳ ಮೂಲಕ ಸಮತೋಲದ ಬೋಧನೆ

೧. ಪ್ರಸ್ತಾವನೆ

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಗುರುತ್ವಕೇಂದ್ರದ ಲಕ್ಷಣವನ್ನು ಅವನು ತಡವರಿಸದೆ ಒಪ್ಪಿಸಬಲ್ಲನು: ವಸ್ತುವಿನ ತೂಕವೆಲ್ಲವೂ ಯಾವ ಒಂದು ಬಿಂದುವಿನಲ್ಲಿ ನೆಲಸಿರುವಂತೆ ವರ್ತಿಸುವುದೋ ಆ ಬಿಂದುವೇ ಗುರುತ್ವಕೇಂದ್ರವು. ಆದರೆ ಅದೇ ವಿದ್ಯಾರ್ಥಿಯ ಕೈಗೆ ಒಂದು ಕಸಬರಿಗೆಯನ್ನಿತ್ತು, ಇದರ ಗುರುತ್ವಕೇಂದ್ರ ಎಲ್ಲಿದೆ ತೋರಿಸು ಎಂದರೆ ಅವನು ಅನೇಕ ವೇಳೆ ಅದರ ಉದ್ದದ ನಡುವನ್ನೇ ಮುಟ್ಟಿ ತೋರಿಸುವನು. ಲಕ್ಷಣವು ನಾಲಗೆಯ ಮೇಲಿದೆ. ಕೈಗೆ ಇನ್ನೂ ಇಳಿದಿಲ್ಲ. ಈ ಎರಡರ ನಡುವಣ ಅಂತರವನ್ನು ಹೇಗೆ ತುಂಬಬಹುದೆಂಬುದೇ ಪ್ರಸ್ತುತ ಲೇಖನದ ವಿಷಯ.

ವಿವೇಚನೆಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಆರಿಸಿಕೊಂಡಿದೆ. ಈ ಮೂರೂ ಭೀಮಾನದಿಯ ಸೀಮೆಗೆ ಸೇರಿದವು. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಕಡೆಗೆ ಸಾಗುತ್ತದೆ. ಎರೆಭೂಮಿ, ಬಿಳಿಜೋಳ, ತೊಗರಿ, ಈಚಿನ ದಶಕಗಳಲ್ಲಿ ನೀರಾವರಿಯೊಡನೆ ಹಬ್ಬಿದ ಕಬ್ಬು, ಇವು ಇಲ್ಲಿಯ ಬದುಕಿನ ಆಧಾರಗಳು. ಪ್ರಯೋಗಶಾಲೆಯ ಸಲಕರಣೆಗಳು ಹಳ್ಳಿಯ ಶಾಲೆಗೆ ದುರ್ಲಭವಾಗಿರಬಹುದು. ಆದರೆ ಜೋಳದ ದಂಟು, ಎರೆಮಣ್ಣು, ಜಾಲಿಯ ಮುಳ್ಳು, ತೊಗರಿಯ ಕಾಳು ಯಾವ ಶಾಲೆಗೂ ದುರ್ಲಭವಲ್ಲ. ಸಮತೋಲದ ಪಾಠಕ್ಕೆ ಇವಿಷ್ಟೇ ಸಾಕು.

ಈ ಪ್ರಯತ್ನವು ಕೇವಲ ವಿನೋದಕ್ಕಾಗಿ ಅಲ್ಲ. ೨೦೨೫ರ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೊದಲ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆಯು ರಾಜ್ಯದ ಜಿಲ್ಲೆಗಳ ಪೈಕಿ ಕೊನೆಯ ಸ್ಥಾನದಲ್ಲಿತ್ತು. ಸುಗ್ಗಿಯ ನಂತರ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ವರ್ಷದ ಕೆಲವು ತಿಂಗಳುಗಳನ್ನು ಶಾಲೆಯ ಹೊರಗೆ ಕಳೆಯುತ್ತಾರೆ. ಅಂತಹ ಮಗುವಿಗೆ ತಪ್ಪಿಹೋದ ಪುಟಗಳನ್ನು ಬಾಯಿಪಾಠ ಮಾಡಿಸುವುದು ಒಂದು ದಾರಿ. ಅದು ಕೈಯಾರೆ ಮಾಡಿ, ಕಣ್ಣಾರೆ ಕಂಡು, ಮುಂದೆ ಎಲ್ಲಿಗೆ ಹೋದರೂ ಜೊತೆಯಲ್ಲಿ ಒಯ್ಯಬಹುದಾದ ತಿಳಿವನ್ನು ಕೊಡುವುದು ಇನ್ನೊಂದು ದಾರಿ. ಎರಡನೆಯದೇ ಹೆಚ್ಚು ಬಾಳುವಂಥದು.

ಕೈಕೆಲಸದ ಮೂಲಕ ಶಿಕ್ಷಣವೆಂಬುದು ನಮ್ಮ ದೇಶಕ್ಕೆ ಹೊಸ ವಿಚಾರವೂ ಅಲ್ಲ. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟರು. ಅದನ್ನು ರೂಪಿಸಲು ನೇಮಕವಾದ ಸಮಿತಿಗೆ ಹೈದರಾಬಾದಿನಲ್ಲಿ ಜನಿಸಿದ ಡಾ. ಜಾಕೀರ್ ಹುಸೇನರು ಅಧ್ಯಕ್ಷರಾಗಿದ್ದರು. ೧೯೭೨ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಹಳ್ಳಿಯ ಸಾಮಗ್ರಿಗಳಿಂದಲೇ ಪ್ರಯೋಗ ಮಾಡಿಸುವ ಮಾರ್ಗವನ್ನು ಹಿಡಿಯಿತು. ಅದರಿಂದ ಸ್ಫೂರ್ತಿ ಪಡೆದ ಅರವಿಂದ ಗುಪ್ತಾ ಅವರು ಕಸದಿಂದ ಆಟಿಕೆಗಳನ್ನು ಮಾಡಿ ವಿಜ್ಞಾನ ಕಲಿಸುವ ವಿಧಾನವನ್ನು ದೇಶದಾದ್ಯಂತ ಪ್ರಚುರಪಡಿಸಿದರು. ಇಲ್ಲಿ ಮಾಡಬೇಕಾದುದಿಷ್ಟೆ: ಈ ವಿಚಾರವನ್ನು ಭೀಮಾತೀರದ ಮಣ್ಣಿಗೂ ದಂಟಿಗೂ ಹೊಂದಿಸಿಕೊಳ್ಳುವುದು.

೨. ನಡುವೆಂಬ ನಂಬಿಕೆ

ಪಾಠಕ್ಕೆ ತೊಡಗುವ ಮುನ್ನ ಮಗುವಿನ ಮನಸ್ಸಿನಲ್ಲಿ ಈ ವಿಷಯವಾಗಿ ಏನಿದೆಯೆಂಬುದನ್ನು ಅರಿಯುವುದು ಅಗತ್ಯ. ಜಿನೀವಾದಲ್ಲಿ ಜೀನ್ ಪಿಯಾಜೆಯವರ ಸಹೋದ್ಯೋಗಿ ಬಾರ್ಬೆಲ್ ಇನ್ಹೆಲ್ಡರ್ ಮತ್ತು ಅನೆಟ್ ಕಾರ್ಮಿಲಾಫ್-ಸ್ಮಿತ್ ಅವರು ೧೯೭೪ರ ಸುಮಾರಿಗೆ ಪ್ರಕಟಿಸಿದ ಅಧ್ಯಯನವೊಂದು ಈ ದೃಷ್ಟಿಯಿಂದ ಬಹಳ ಬೋಧಪ್ರದವಾದುದು. ಅವರು ಮಕ್ಕಳಿಗೆ ಕೆಲವು ಮರದ ತುಂಡುಗಳನ್ನು ಕೊಟ್ಟು, ಒಂದು ತೆಳುವಾದ ಪಟ್ಟಿಯ ಮೇಲೆ ಅವುಗಳನ್ನು ಸಮತೂಕದಲ್ಲಿ ನಿಲ್ಲಿಸಲು ಹೇಳಿದರು. ಕೆಲವು ತುಂಡುಗಳು ಎಲ್ಲ ಕಡೆಯೂ ಒಂದೇ ಸಮವಾಗಿದ್ದವು. ಕೆಲವಕ್ಕೆ ಒಂದು ತುದಿಯಲ್ಲಿ ಭಾರವನ್ನು ಅಡಗಿಸಲಾಗಿತ್ತು. ನಾಲ್ಕು ಐದು ವರ್ಷದ ಮಕ್ಕಳು ಕೈಗೆ ತಾಗುವ ಒಲವನ್ನೇ ಅನುಸರಿಸಿ ಅತ್ತಿತ್ತ ಸರಿಸುತ್ತ ಎಲ್ಲವನ್ನೂ ಬಹುಮಟ್ಟಿಗೆ ನಿಲ್ಲಿಸಿದರು. ಆರು ಏಳು ವರ್ಷದವರು ಮಾತ್ರ ಪ್ರತಿಯೊಂದನ್ನೂ ಸರಿಯಾಗಿ ನಡುವಿಗೇ ಇಟ್ಟರು. ಭಾರ ಅಡಗಿದ ತುಂಡು ಉರುಳಿದಾಗ, ಇದು ನಿಲ್ಲುವಂಥದೇ ಅಲ್ಲವೆಂದು ಬದಿಗಿಟ್ಟರು. ಎಂಟು ಒಂಬತ್ತು ವರ್ಷದವರು ನಡುವಿನ ನಂಬಿಕೆಯನ್ನು ತಿದ್ದಿಕೊಂಡು ಮತ್ತೆ ಯಶಸ್ವಿಯಾದರು.

ದೊಡ್ಡ ಮಗು ಚಿಕ್ಕ ಮಗುವಿಗಿಂತ ಹಿಂದೆ ಬಿದ್ದುದೇಕೆ? ಅದು ಹಿಂದೆ ಬೀಳಲಿಲ್ಲ. ಅದಕ್ಕೆ ಒಂದು ಸಿದ್ಧಾಂತ ದೊರಕಿತ್ತು. ವಸ್ತುಗಳು ನಡುವಿನಲ್ಲಿ ತೂಗುತ್ತವೆ ಎಂಬುದೇ ಆ ಸಿದ್ಧಾಂತ. ಬಹುಪಾಲು ಸರಿಯಾದ, ಆದರೆ ಪೂರ್ಣವಲ್ಲದ ಸಿದ್ಧಾಂತವಿದು. ಅದು ಒಡೆಯುವ ಸಂದರ್ಭಗಳನ್ನು ಮಗುವಿನ ಕೈಗೆ ಕೊಡುವುದೇ ಉಪಾಧ್ಯಾಯರ ಕೆಲಸ. ಮಗುವು ಸೋಲುವ ಮೊದಲೇ ನಿಯಮವನ್ನು ಹೇಳಿಬಿಟ್ಟರೆ ಅದು ಹಳೆಯ ನಂಬಿಕೆಯನ್ನು ಬಿಡದೆ ಹೊಸ ಲಕ್ಷಣವನ್ನು ಮೇಲೆ ಹೊದ್ದುಕೊಳ್ಳುವುದು. ಕಸಬರಿಗೆಯ ನಡುವನ್ನು ತೋರಿಸಿದ ವಿದ್ಯಾರ್ಥಿಯಲ್ಲಿ ಸಂಭವಿಸಿದುದು ಇದೇ.

ಭಾಷೆಯೂ ಇಲ್ಲಿ ವಿಚಾರಾರ್ಹ. ಈ ಮೂರು ತಾಲ್ಲೂಕುಗಳ ತರಗತಿಗಳಲ್ಲಿ ಕನ್ನಡದೊಡನೆ ಉರ್ದು, ಮರಾಠಿ, ಲಂಬಾಣಿ ಮಾತುಗಳನ್ನು ಮನೆಯಲ್ಲಿ ಆಡುವ ಮಕ್ಕಳಿರುತ್ತಾರೆ. ನಾವು ಗುರುತ್ವಕೇಂದ್ರವೆನ್ನುವುದನ್ನು ಮರಾಠಿಯವರು ಗುರುತ್ವಮಧ್ಯವೆನ್ನುತ್ತಾರೆ. ಉರ್ದುವಿನಲ್ಲಿ ಅದು ಮರ್ಕಜ್-ಎ-ಸಿಖ್ಲ್. ಕೇಂದ್ರ, ಮಧ್ಯ, ಮರ್ಕಜ್ ಈ ಮೂರು ಪದಗಳೂ ನಡುವನ್ನೇ ನೆನಪಿಗೆ ತರುವಂಥವು. ಆದುದರಿಂದ ಪದವನ್ನು ಕೊನೆಗೆ ಹೇಳಿ ವಸ್ತುವನ್ನು ಮೊದಲು ಕೊಡುವುದು ಲೇಸು. ಮಣ್ಣಿನ ಎತ್ತು ಮುಗ್ಗರಿಸಿದಾಗ ಅದನ್ನು ಅರಿಯಲು ಯಾವ ಭಾಷೆಯೂ ಬೇಕಿಲ್ಲ.

೩. ಜೋಳದ ದಂಟು

ಮೊದಲ ಪಾಠಕ್ಕೆ ಒಂದು ಒಣಗಿದ ಜೋಳದ ದಂಟು ಸಾಕು. ಮಗುವು ಎರಡೂ ಕೈಗಳ ತೋರುಬೆರಳುಗಳನ್ನು ಚಾಚಿ, ಅವುಗಳ ಮೇಲೆ ದಂಟಿನ ಎರಡು ತುದಿಗಳನ್ನಿರಿಸಿ, ಬೆರಳುಗಳನ್ನು ಮೆಲ್ಲಗೆ ಒಂದರ ಕಡೆಗೊಂದು ಸರಿಸಲಿ. ದಂಟು ಬೀಳುವುದಿಲ್ಲ. ಒಮ್ಮೆ ಒಂದು ಬೆರಳು ಜಾರುತ್ತದೆ, ಮತ್ತೊಮ್ಮೆ ಇನ್ನೊಂದು. ಕೊನೆಗೆ ಎರಡೂ ಕೂಡಿದ ಸ್ಥಳದಲ್ಲಿ ದಂಟು ಸಮವಾಗಿ ನಿಲ್ಲುತ್ತದೆ. ಕಾರಣವಿದು: ಗುರುತ್ವಕೇಂದ್ರಕ್ಕೆ ಹತ್ತಿರವಾದ ಬೆರಳಿನ ಮೇಲೆ ಹೆಚ್ಚು ತೂಕ ಬೀಳುತ್ತದೆ, ತೂಕ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚಿ ಆ ಬೆರಳು ನಿಂತುಬಿಡುತ್ತದೆ, ದೂರದ ಬೆರಳು ಹಗುರವಾಗಿ ಸರಿದು ಬರುತ್ತದೆ. ಹೀಗೆ ಬೆರಳುಗಳು ಗುರುತ್ವಕೇಂದ್ರವನ್ನು ತಾವೇ ಹುಡುಕಿಕೊಳ್ಳುತ್ತವೆ.

ಕೂಡಿದ ಸ್ಥಳಕ್ಕೆ ಇದ್ದಲಿನಿಂದ ಗುರುತು ಹಾಕಿ ದಾರದಿಂದ ಎರಡು ಕಡೆಯ ಉದ್ದವನ್ನು ಅಳೆದರೆ ಮಗುವಿಗೆ ಮೊದಲ ಆಶ್ಚರ್ಯ ಕಾದಿರುತ್ತದೆ. ಗುರುತು ನಡುವಿನಲ್ಲಿಲ್ಲ, ಬುಡದ ಕಡೆಗೆ ಸರಿದಿದೆ. ದಂಟು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಅಂಗಡಿಯಿಂದ ತಂದ ಅಳತೆಪಟ್ಟಿಯು ಈ ಪಾಠವನ್ನು ಕಲಿಸಲಾರದು, ಏಕೆಂದರೆ ಅದರ ಗುರುತ್ವಕೇಂದ್ರವು ನಿಜವಾಗಿಯೂ ನಡುವಿನಲ್ಲಿರುತ್ತದೆ.

ಎರಡನೆಯ ಹೆಜ್ಜೆಯಲ್ಲಿ ದಂಟಿನ ಒಂದು ತುದಿಗೆ ಎರೆಮಣ್ಣಿನ ಉಂಡೆಯನ್ನು ಮೆತ್ತಬೇಕು. ಲೆಕ್ಕಕ್ಕೆ ಅನುಕೂಲವಾಗಲೆಂದು, ೬೦ ಸೆಂಟಿಮೀಟರ್ ಉದ್ದ, ೩೦ ಗ್ರಾಂ ತೂಕವಿದ್ದು ಎಲ್ಲೆಡೆಯೂ ಒಂದೇ ದಪ್ಪವಿರುವ ಕಡ್ಡಿಯೊಂದರ ತುದಿಗೆ ೩೦ ಗ್ರಾಂ ಮಣ್ಣನ್ನು ಮೆತ್ತಿದೆಯೆಂದು ಭಾವಿಸೋಣ. ಕಡ್ಡಿಯ ತೂಕವು ತನ್ನ ನಡುವಿನಲ್ಲಿ, ಅಂದರೆ ಮಣ್ಣಿನಿಂದ ೩೦ ಸೆಂ.ಮೀ. ದೂರದಲ್ಲಿ ವರ್ತಿಸುತ್ತದೆ. ಎರಡು ತೂಕಗಳೂ ಸಮವಾಗಿರುವುದರಿಂದ ಒಟ್ಟು ವಸ್ತುವಿನ ಗುರುತ್ವಕೇಂದ್ರವು ಅವೆರಡರ ಮಧ್ಯದಲ್ಲಿ, ಮಣ್ಣಿನ ತುದಿಯಿಂದ ೧೫ ಸೆಂ.ಮೀ. ದೂರದಲ್ಲಿರುತ್ತದೆ. ಮಣ್ಣನ್ನು ೯೦ ಗ್ರಾಂಗೆ ಹೆಚ್ಚಿಸಿದರೆ ಅದು ಇನ್ನೂ ಸರಿದು ೭.೫ ಸೆಂ.ಮೀ.ಗೆ ಬರುತ್ತದೆ. ಗುರುತ್ವಕೇಂದ್ರವು ಭಾರವಿದ್ದ ಕಡೆಗೆ ನಡೆಯುತ್ತದೆಯೆಂಬುದನ್ನು ಮಗು ಹೀಗೆ ಹೆಜ್ಜೆ ಹೆಜ್ಜೆಗೆ ಕಾಣಬಹುದು.

ಮೂರನೆಯ ಹೆಜ್ಜೆಯು ಈ ಪಾಠದ ತಿರುಳು. ಮೇಲ್ಕಂಡ ೩೦ ಗ್ರಾಂ ಮಣ್ಣಿನ ಕಡ್ಡಿಯನ್ನು ಸಮತೂಗುವ ಸ್ಥಳದಲ್ಲಿ ಸರಿಯಾಗಿ ಕತ್ತರಿಸಿದರೆ ಎರಡು ತುಂಡುಗಳ ತೂಕ ಒಂದೇ ಆಗಿರುವುದೇ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ, ಕೈಯೆತ್ತಿಸಿ, ಆಮೇಲೆ ಕತ್ತರಿಸಬೇಕು. ಸಮತೂಕವೆಂಬ ಮಾತೇ ಹೌದೆಂಬ ಉತ್ತರಕ್ಕೆ ಎಳೆಯುತ್ತದೆ. ನಿಜ ಬೇರೆ. ಮಣ್ಣಿನ ಕಡೆಯ ತುಂಡಿನಲ್ಲಿ ೩೦ ಗ್ರಾಂ ಮಣ್ಣೂ ೭.೫ ಗ್ರಾಂ ಕಡ್ಡಿಯೂ ಸೇರಿ ೩೭.೫ ಗ್ರಾಂ, ಇನ್ನೊಂದು ಕಡೆ ಕೇವಲ ೨೨.೫ ಗ್ರಾಂ. ಸಮವಾಗಿದ್ದುದು ತೂಕವಲ್ಲ, ತೂಕ ಮತ್ತು ದೂರಗಳ ಗುಣಲಬ್ಧ. ಹಗುರವಾದ ತುಂಡಿನ ನಡುವು ಆಧಾರದಿಂದ ೨೨.೫ ಸೆಂ.ಮೀ. ದೂರವಿತ್ತಾದ್ದರಿಂದ ಅದರ ಗುಣಲಬ್ಧ ೫೦೬.೨೫. ಅತ್ತ ಮಣ್ಣಿನದು ೩೦ನ್ನು ೧೫ರಿಂದ ಗುಣಿಸಿ ೪೫೦, ಕಡ್ಡಿಯ ತುಂಡಿನದು ೭.೫ನ್ನು ೭.೫ರಿಂದ ಗುಣಿಸಿ ೫೬.೨೫, ಕೂಡಿಸಿದರೆ ಅದೂ ೫೦೬.೨೫. ಭೌತವಿಜ್ಞಾನವು ಬಲದ ಭ್ರಾಮಕವೆಂದು ಕರೆಯುವುದು ಇದನ್ನೇ. ಮಕ್ಕಳು ಮೊದಲು ತೂಕವನ್ನು ಮಾತ್ರ ಗಮನಿಸಿ, ದೂರವನ್ನು ಗಣನೆಗೆ ತಂದುಕೊಳ್ಳುವುದು ತಡವಾಗಿಯೇ ಎಂಬುದನ್ನು ೧೯೭೬ರಲ್ಲಿ ರಾಬರ್ಟ್ ಸೀಗ್ಲರ್ ಅವರು ತಕ್ಕಡಿಯ ಪ್ರಯೋಗಗಳಿಂದ ತೋರಿಸಿದರು. ಕತ್ತರಿಸಿದ ದಂಟು ಆ ದೂರವನ್ನು ಕಣ್ಣಿಗೆ ಕಾಣಿಸುತ್ತದೆ.

೪. ಮಣ್ಣೆತ್ತು

ಜ್ಯೇಷ್ಠ ಮಾಸದ ಕೊನೆಗೆ, ಮುಂಗಾರಿನ ಹೊತ್ತಿಗೆ, ಉತ್ತರ ಕರ್ನಾಟಕದ ರೈತರ ಮನೆಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮಣ್ಣನ್ನು ಹದಮಾಡಿ ಜೋಡಿ ಎತ್ತುಗಳನ್ನು ಮಾಡಿ ಪೂಜಿಸುವ ಹಬ್ಬವಿದು. ಶಾಲೆಗಳು ಹೊಸ ವರ್ಷದ ಪಾಠವನ್ನು ಆರಂಭಿಸಿದ ಕೆಲವೇ ವಾರಗಳಲ್ಲಿ ಇದು ಬರುವುದರಿಂದ ಸಮತೋಲದ ಪಾಠಕ್ಕೆ ಇದಕ್ಕಿಂತ ಯೋಗ್ಯವಾದ ಮುಹೂರ್ತವಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ಇಲ್ಲಿ ಅಕ್ಷರಶಃ ಪಾಲಿಸಬಹುದು.

ಎತ್ತನ್ನು ಮಾಡಲು ತೊಡಗಿದ ಮಗುವು ಸಾಮಾನ್ಯವಾಗಿ ತಲೆ, ಕೊಂಬು, ಭುಜಗಳ ಮೇಲೆ ಹೆಚ್ಚು ಮಣ್ಣನ್ನೂ ಪ್ರೀತಿಯನ್ನೂ ವೆಚ್ಚ ಮಾಡುತ್ತದೆ. ಕಾಲುಗಳನ್ನು ಸಣ್ಣಗೆ, ಉದ್ದವಾಗಿ ಹೊಸೆದು ಹೊಟ್ಟೆಗೆ ಅಂಟಿಸುತ್ತದೆ. ಬಿಟ್ಟಕೂಡಲೇ ಎತ್ತು ಮುಂದಕ್ಕೆ ಮುಗ್ಗರಿಸುತ್ತದೆ. ಈ ಕ್ಷಣದಲ್ಲಿ ಉಪಾಧ್ಯಾಯರು ಸುಮ್ಮನಿರುವುದೇ ಉತ್ತಮ ಬೋಧನೆ. ಮಗುವಿನ ಮುಂದೆ ಹಲವು ಉಪಾಯಗಳಿವೆ. ಮುಂಗಾಲುಗಳನ್ನು ಇನ್ನಷ್ಟು ಮುಂದಕ್ಕೆ ತರಬಹುದು; ಹಿಂಭಾಗಕ್ಕೆ ಮಣ್ಣು ಸೇರಿಸಬಹುದು; ತಲೆಯನ್ನು ಕಿರಿದುಮಾಡಬಹುದು; ಕಾಲುಗಳನ್ನು ಗಿಡ್ಡವಾಗಿ, ದಪ್ಪವಾಗಿ, ಅಗಲಿಸಿ ಇಡಬಹುದು. ಇವುಗಳಲ್ಲಿ ಯಾವುದನ್ನು ಮಾಡಿದರೂ ಎತ್ತು ನಿಲ್ಲಬಹುದು. ಏಕೆ ನಿಂತಿತು ಎಂದು ಆಗ ಕೇಳಬೇಕು.

ಉತ್ತರವು ಒಂದೇ ಸೂತ್ರದಲ್ಲಿದೆ. ನಾಲ್ಕು ಗೊರಸುಗಳನ್ನು ದಾರದಿಂದ ಸುತ್ತುವರಿದರೆ ನೆಲದ ಮೇಲೆ ಒಂದು ಚತುಷ್ಕೋಣವಾಗುತ್ತದೆ. ಎತ್ತಿನ ಗುರುತ್ವಕೇಂದ್ರದಿಂದ ಕೆಳಗಿಳಿಸಿದ ಲಂಬರೇಖೆಯು ಈ ಚತುಷ್ಕೋಣದ ಒಳಗೆ ಬಿದ್ದರೆ ಎತ್ತು ನಿಲ್ಲುತ್ತದೆ. ಹೊರಗೆ ಬಿದ್ದರೆ ಉರುಳುತ್ತದೆ. ಮುಂಗಾಲನ್ನು ಮುಂದಕ್ಕೆ ತಂದಾಗ ಚತುಷ್ಕೋಣವು ರೇಖೆಯನ್ನು ಒಳಗೊಂಡಿತು. ಹಿಂದೆ ಮಣ್ಣು ಸೇರಿಸಿದಾಗ ರೇಖೆಯೇ ಹಿಂದಕ್ಕೆ ಬಂದು ಚತುಷ್ಕೋಣವನ್ನು ಸೇರಿತು. ಕಾರ್ಯ ಬೇರೆ ಬೇರೆಯಾದರೂ ಕಾರಣ ಒಂದೇ.

ಕಾಲನ್ನು ಗಿಡ್ಡಗೊಳಿಸುವುದರ ಫಲವನ್ನು ಅಳೆಯಲೂ ಬಹುದು. ೩೦ ಸೆಂ.ಮೀ. ಉದ್ದದ ಹಲಗೆಯ ಮೇಲೆ ಜಾರದಂತೆ ಗೋಣಿಯ ತುಂಡನ್ನು ಹಾಸಿ, ಒಣಗಿದ ಎತ್ತನ್ನು ಅಡ್ಡಲಾಗಿ ನಿಲ್ಲಿಸಿ, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತಬೇಕು. ಎತ್ತಿನ ಎಡಬಲ ಗೊರಸುಗಳ ನಡುವೆ ೪ ಸೆಂ.ಮೀ. ಅಂತರವಿದ್ದು ಗುರುತ್ವಕೇಂದ್ರವು ೪.೫ ಸೆಂ.ಮೀ. ಎತ್ತರದಲ್ಲಿದ್ದರೆ, ಹಲಗೆಯ ತುದಿ ಸುಮಾರು ೧೨ ಸೆಂ.ಮೀ. ಏರಿದಾಗ ಎತ್ತು ಉರುಳುವುದು. ಅಂತರವನ್ನು ಬದಲಿಸದೆ ಗುರುತ್ವಕೇಂದ್ರವನ್ನು ೩ ಸೆಂ.ಮೀ.ಗೆ ಇಳಿಸಿದರೆ ಸುಮಾರು ೧೬.೫ ಸೆಂ.ಮೀ. ಏರುವ ತನಕ ಅದು ನಿಲ್ಲುವುದು. ಯಾರ ಎತ್ತು ಕೊನೆಯವರೆಗೆ ನಿಂತಿತೆಂಬ ಪಂದ್ಯವನ್ನು ಏರ್ಪಡಿಸಿದರೆ ಗೆದ್ದ ಎತ್ತು ತರಗತಿಗೆ ತಾನೇ ಪಾಠ ಹೇಳುವುದು.

೫. ಮುಳ್ಳಿನ ಮೇಲಣ ಬೊಂಬೆ ಮತ್ತು ದಂಟಿನ ತಕ್ಕಡಿ

ಎತ್ತು ನಿಂತಿರುವುದು ನಾಲ್ಕು ಕಾಲುಗಳ ಮೇಲೆ. ಒಂದೇ ಬಿಂದುವಿನ ಮೇಲೆ ನಿಲ್ಲಬಲ್ಲ ಬೊಂಬೆಯೂ ಉಂಟು. ದಂಟಿನ ಸಿಬಿರನ್ನು ಸುಲಿದರೆ ಒಳಗಿನ ಹಗುರವಾದ ಬೆಂಡು ದೊರೆಯುತ್ತದೆ. ಬೆರಳುದ್ದದ ಬೆಂಡಿನ ತುಂಡೊಂದಕ್ಕೆ ಕೆಳಗಡೆ ಜಾಲಿಯ ಮುಳ್ಳನ್ನು ಚುಚ್ಚಿ ಕಾಲಾಗಿಸಬೇಕು. ಆ ಮುಳ್ಳಿನ ಮೇಲೆ ಬೆರಳ ತುದಿಯಲ್ಲಿ ಬೊಂಬೆಯನ್ನು ನಿಲ್ಲಿಸಲು ಯಾರಿಗೂ ಸಾಧ್ಯವಿಲ್ಲ. ಇನ್ನು ಸುಲಿದಿಟ್ಟ ಸಿಬಿರಿನಿಂದ ಎರಡು ಉದ್ದನೆಯ ಕೈಗಳನ್ನು ಮಾಡಿ, ಕೆಳಮುಖವಾಗಿ ಬಾಗಿಸಿ ಬೆಂಡಿನ ಎರಡು ಪಕ್ಕಗಳಿಗೆ ಚುಚ್ಚಿ, ತುದಿಗಳಿಗೆ ಸಮನಾದ ಮಣ್ಣುಂಡೆಗಳನ್ನು ಮೆತ್ತಬೇಕು. ಉಂಡೆಗಳು ಮುಳ್ಳಿನ ಮೊನೆಗಿಂತ ಕೆಳಗೆ ತೂಗುವಂತಿರಬೇಕು. ಈಗ ಬೊಂಬೆಯು ಬೆರಳ ಮೇಲೆ, ಮೇಜಿನ ಅಂಚಿನ ಮೇಲೆ, ಸೀಸೆಯ ಬಾಯಿಯ ಮೇಲೆ ನಿಲ್ಲುವುದಲ್ಲದೆ, ತಳ್ಳಿದರೆ ತೂಗಾಡಿ ಮರಳಿ ನೆಟ್ಟಗಾಗುವುದು.

ಬೊಂಬೆಗೆ ಭಾರ ಹೆಚ್ಚಾಯಿತು. ಆದರೂ ಅದು ನಿಂತಿತು. ಏಕೆಂದರೆ ಗುರುತ್ವಕೇಂದ್ರವು ಆಧಾರಬಿಂದುವಿನ ಕೆಳಗೆ ಇಳಿಯಿತು. ಅಂತಹ ವಸ್ತುವನ್ನು ಓರೆಮಾಡಿದಾಗ ಗುರುತ್ವಕೇಂದ್ರವು ಮೇಲೇರಬೇಕಾಗುತ್ತದೆ. ಕೈಬಿಟ್ಟರೆ ಅದು ತನ್ನ ತಗ್ಗಿನ ಸ್ಥಾನಕ್ಕೆ ಹಿಂದಿರುಗುತ್ತದೆ. ಇದು ಸ್ಥಿರ ಸಮತೋಲ. ಗುರುತ್ವಕೇಂದ್ರವು ಆಧಾರಬಿಂದುವಿನ ಮೇಲಿದ್ದು, ಸ್ವಲ್ಪ ಓರೆಯಾದರೂ ಅದು ಕೆಳಗಿಳಿಯುವಂತಿದ್ದರೆ ಅಸ್ಥಿರ ಸಮತೋಲ. ನೆಲದ ಮೇಲೆ ಉರುಳುವ ಗೋಲಿಯಂತೆ ಏರದೆ ಇಳಿಯದೆ ಇದ್ದರೆ ತಟಸ್ಥ ಸಮತೋಲ. ನಾಗರಪಂಚಮಿಯ ಜೋಕಾಲಿಯು ತೂಗಿ ತೂಗಿ ಕೊನೆಗೆ ಅತಿ ಕೆಳಗಿನ ಸ್ಥಾನದಲ್ಲೇ ನಿಲ್ಲುವುದು ಮೊದಲನೆಯ ಬಗೆಗೆ ಎಲ್ಲ ಮಕ್ಕಳೂ ಬಲ್ಲ ನಿದರ್ಶನ.

ತಕ್ಕಡಿಯು ಇದೇ ತತ್ತ್ವದ ಮುಂದುವರಿಕೆ. ಒಂದು ಮೊಳದ ದಂಟು ಸಮತೂಗುವ ಸ್ಥಳದಿಂದ ಎರಡು ಕಡೆಗೂ ಸಮನಾದ ದೂರದಲ್ಲಿ ದಾರ ಕಟ್ಟಿ ತೆಂಗಿನ ಕರಟಗಳನ್ನು ತೂಗಬಿಡಬೇಕು. ದಂಟು ಸಮತೂಗುವ ಸ್ಥಳದಲ್ಲಿ ದಬ್ಬಣವನ್ನು ಅಡ್ಡಲಾಗಿ ತೂರಿಸಿ ಹಿಡಿಯಬೇಕು. ದಬ್ಬಣವು ದಂಟಿನ ಮೇಲ್ಭಾಗದಲ್ಲಿ ಹಾದರೆ ತಕ್ಕಡಿಯು ತೂಗಾಡಿ ಸಮಕ್ಕೆ ಬರುತ್ತದೆ. ಕೆಳಭಾಗದಲ್ಲಿ ಹಾದರೆ ಒಂದು ಕಡೆಗೆ ವಾಲಿ ಅಲ್ಲಿಯೇ ನಿಲ್ಲುತ್ತದೆ. ಮಕ್ಕಳಿಂದ ಎರಡನ್ನೂ ಮಾಡಿಸಬೇಕು. ತೂಕದ ಕಲ್ಲುಗಳ ಬದಲು ತೊಗರಿಕಾಳನ್ನು ಬಳಸಬಹುದು. ೧೦೦ ಕಾಳುಗಳು ಸುಮಾರು ೧೦ ಗ್ರಾಂ ತೂಗುತ್ತವೆ. ೨೦೧೯ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕಲಬುರಗಿಯ ತೊಗರಿಗೆ ಇದೂ ಒಂದು ಉಪಯೋಗ. ದಂಟಿನ ಒಂದು ತೋಳನ್ನು ಬೇಕೆಂದೇ ಉದ್ದಮಾಡಿ, ಸಮವಾಗಿ ಕಾಣುವ ತಕ್ಕಡಿಯು ಹೇಗೆ ಮೋಸ ಮಾಡಬಲ್ಲುದೆಂದು ತೋರಿಸಿದರೆ, ಸಂತೆಗೆ ಹೋಗುವ ಮಗುವಿಗೆ ಅದು ಬಾಳಿನ ಪಾಠವೂ ಆಗುವುದು. ಸರಕನ್ನು ಎರಡು ಪರಡಿಗಳಲ್ಲಿಯೂ ಅದಲುಬದಲು ಮಾಡಿ ತೂಗಿದರೆ ಮೋಸ ಬಯಲಾಗುವುದು.

೬. ರಟ್ಟಿನ ತಾಲ್ಲೂಕು

ಆಕಾರವು ಕ್ರಮವಾಗಿಲ್ಲದ ವಸ್ತುವಿನ ಗುರುತ್ವಕೇಂದ್ರವನ್ನು ಕಂಡುಹಿಡಿಯುವ ಪ್ರಸಿದ್ಧ ವಿಧಾನವೊಂದಿದೆ. ರಟ್ಟನ್ನು ಒಂದು ಮೊಳೆಯಿಂದ ತೂಗಬಿಟ್ಟು, ಅದೇ ಮೊಳೆಯಿಂದ ಗೌಂಡಿಗಳು ಬಳಸುವಂಥ ತೂಕದ ಗುಂಡನ್ನು ಇಳಿಬಿಟ್ಟು, ದಾರದ ಗುಂಟ ಗೆರೆ ಎಳೆಯಬೇಕು. ಇನ್ನೊಂದು ತೂತಿನಿಂದ ತೂಗಬಿಟ್ಟು ಎರಡನೆಯ ಗೆರೆ ಎಳೆದರೆ ಅವು ಕೂಡುವ ಬಿಂದುವೇ ಗುರುತ್ವಕೇಂದ್ರ. ಮೂರನೆಯ ಗೆರೆಯೂ ಅಲ್ಲಿಗೇ ಬಂದರೆ ಕೆಲಸ ಸರಿಯಾಯಿತು. ತ್ರಿಕೋಣದ ಗುರುತ್ವಕೇಂದ್ರವು ಅದರ ಮಧ್ಯರೇಖೆಗಳು ಕೂಡುವ ಬಿಂದುವಿನಲ್ಲಿದೆಯೆಂದು ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಾಧಿಸಿದ್ದನು. ತ್ರಿಕೋಣದಿಂದ ಆರಂಭಿಸಿದರೆ ರೇಖಾಗಣಿತದ ಪಾಠವೂ ಕೂಡಿಬರುವುದು.

ತ್ರಿಕೋಣದ ತರುವಾಯ ಮಕ್ಕಳು ತಮ್ಮ ತಾಲ್ಲೂಕಿನ ನಕ್ಷೆಯನ್ನೇ ರಟ್ಟಿನಲ್ಲಿ ಕತ್ತರಿಸಲಿ. ತೂಗುಗೆರೆಗಳು ಕೂಡಿದ ಸ್ಥಳದ ಸಮೀಪದಲ್ಲಿ ಯಾವ ಊರಿದೆಯೆಂದು ನೋಡಲಿ. ತಾಲ್ಲೂಕಿನ ಕೇಂದ್ರಸ್ಥಳವು ಅಲ್ಲಿಂದ ಎಷ್ಟು ದೂರದಲ್ಲಿದೆಯೆಂದು ಅಳೆಯಲಿ. ಜೇವರ್ಗಿಯ ಮಕ್ಕಳಿಗೆ ಇನ್ನೊಂದು ವಿಶೇಷವಾದ ಅಭ್ಯಾಸವಿದೆ. ೨೦೧೭ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾದ ಯಡ್ರಾಮಿಯು ಹಳೆಯ ಜೇವರ್ಗಿ ತಾಲ್ಲೂಕಿನಿಂದ ಬೇರ್ಪಟ್ಟುದು. ಹಳೆಯ ತಾಲ್ಲೂಕಿನ ರಟ್ಟಿನಲ್ಲಿ ಮೊದಲು ಗುರುತ್ವಕೇಂದ್ರವನ್ನು ಗುರುತಿಸಿ, ಆಮೇಲೆ ಯಡ್ರಾಮಿಯ ಭಾಗವನ್ನು ಕತ್ತರಿಸಿ ತೆಗೆದು ಮತ್ತೆ ಹುಡುಕಬೇಕು. ಯಡ್ರಾಮಿಯು ಜೇವರ್ಗಿ ಪಟ್ಟಣದ ನೈಋತ್ಯಕ್ಕಿರುವುದರಿಂದ ಉಳಿದ ರಟ್ಟಿನ ಗುರುತ್ವಕೇಂದ್ರವು ಈಶಾನ್ಯದ ಕಡೆಗೆ ಸರಿಯುವುದು. ತೆಗೆದ ಭಾಗದಿಂದ ದೂರಕ್ಕೆ ಕೇಂದ್ರವು ಸರಿಯುವುದೆಂಬ ನಿಯಮವನ್ನು ಇದಕ್ಕಿಂತ ಹತ್ತಿರದ ಉದಾಹರಣೆಯಿಂದ ಕಲಿಸುವುದು ಕಷ್ಟ. ರಟ್ಟಿನ ಈ ಬಿಂದುವು ನೆಲದ ವಿಸ್ತೀರ್ಣದ ಕೇಂದ್ರವೇ ಹೊರತು ಜನವಸತಿಯ ಕೇಂದ್ರವಲ್ಲವೆಂಬುದನ್ನು ಮೇಲಿನ ತರಗತಿಗಳಲ್ಲಿ ಚರ್ಚಿಸಬಹುದು. ಪ್ರತಿ ಹಳ್ಳಿಯ ಸ್ಥಳದಲ್ಲಿ ಜನಸಂಖ್ಯೆಗೆ ತಕ್ಕಷ್ಟು ತೊಗರಿಕಾಳನ್ನು ಅಂಟಿಸಿ ತೂಗಿದರೆ ಬಿಂದುವು ಬೇರೆಡೆಗೆ ಹೋಗುವುದು. ತಾಲ್ಲೂಕಿನ ಕಚೇರಿ, ಆಸ್ಪತ್ರೆಗಳು ಎಲ್ಲಿರಬೇಕೆಂಬ ಪ್ರಶ್ನೆಗೆ ಭೌತವಿಜ್ಞಾನವು ಹೀಗೆ ಒಂದು ಬಾಗಿಲನ್ನು ತೆರೆಯುತ್ತದೆ.

೭. ಚಕ್ಕಡಿ ಮತ್ತು ಕಬ್ಬಿನ ಗಾಡಿ

ಬೊಂಬೆಯಿಂದ ಬದುಕಿಗೆ ಬರೋಣ. ಎರಡು ಗಾಲಿಯ ಚಕ್ಕಡಿಯು ಒಂದು ತಕ್ಕಡಿಯೇ. ಅದರ ಅಚ್ಚೇ ಆಧಾರ. ಹೇರಿದ ಸರಕಿನ ಗುರುತ್ವಕೇಂದ್ರವು ಅಚ್ಚಿನಿಂದ ತೀರ ಮುಂದಕ್ಕಿದ್ದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕಿದ್ದರೆ ನೊಗವು ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತದೆ. ಅಚ್ಚಿನಿಂದ ನೊಗಕ್ಕೆ ೩ ಮೀಟರ್ ದೂರವಿದ್ದು, ೬೦೦ ಕಿಲೋಗ್ರಾಂ ಸರಕಿನ ಕೇಂದ್ರವು ಅಚ್ಚಿಗಿಂತ ೧೦ ಸೆಂ.ಮೀ. ಮುಂದಿದ್ದರೆ ಅದರಿಂದ ನೊಗದ ಮೇಲೆ ಬೀಳುವ ಭಾರ ೨೦ ಕಿಲೋಗ್ರಾಂ, ೪೦ ಸೆಂ.ಮೀ. ಮುಂದಿದ್ದರೆ ೮೦ ಕಿಲೋಗ್ರಾಂ. ಚೀಲವನ್ನು ಒಂದು ಗೇಣು ಹಿಂದಕ್ಕೆ ಸರಿಸುವುದರಿಂದ ಎತ್ತಿನ ಬಾಧೆ ಎಷ್ಟು ಇಳಿಯುವುದೆಂಬುದು ಇದರಿಂದ ಸ್ಪಷ್ಟ. ಅನುಭವಿಯಾದ ರೈತನು ಈ ಲೆಕ್ಕವನ್ನು ಬರೆಯದೆಯೇ ಬಲ್ಲನು: ಹೇರಿದ ಮೇಲೆ ನೊಗವನ್ನು ಕೈಯಿಂದ ಎತ್ತಿ ನೋಡುತ್ತಾನೆ. ಆ ಕೈಯ ವಿದ್ಯೆಯನ್ನು ಶಾಲೆಗೆ ಕರೆಯಬೇಕು. ದಂಟಿನ ಚಕ್ಕಡಿಯನ್ನು ಮಕ್ಕಳು ಮಾಡಿದ ದಿನ ಊರಿನ ಹಿರಿಯರೊಬ್ಬರು ಬಂದು ಹೇರುವ ಬಗೆಯನ್ನು ತೋರಿಸಿದರೆ ಉಪಾಧ್ಯಾಯರು ಅದಕ್ಕೆ ಸೂತ್ರವನ್ನು ಜೋಡಿಸಿದರೆ ಸಾಕು.

ಚಕ್ಕಡಿಗಳು ಕಡಮೆಯಾಗಿ ಅವುಗಳ ಸ್ಥಾನಕ್ಕೆ ಟ್ರ್ಯಾಕ್ಟರುಗಳು ಬಂದಿವೆ. ಕಾರ್ಖಾನೆಗಳು ಕಬ್ಬು ಅರೆಯುವ ಚಳಿಗಾಲದ ತಿಂಗಳುಗಳಲ್ಲಿ ಆಳಂದ, ಅಫಜಲಪುರಗಳ ರಸ್ತೆಗಳಲ್ಲಿ ಆಳೆತ್ತರ ಮೀರಿ ಕಬ್ಬು ಹೇರಿದ ಟ್ರೇಲರುಗಳು ಸಾಗುತ್ತವೆ. ಗಾಲಿಗಳ ನಡುವಣ ಅಂತರ ೧.೬ ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವಕೇಂದ್ರವು ನೆಲದಿಂದ ೧ ಮೀಟರ್ ಎತ್ತರದಲ್ಲಿದ್ದರೆ ಗಾಡಿಯು ನಿಂತಲ್ಲಿ ಸುಮಾರು ೩೯ ಡಿಗ್ರಿ ಓರೆಯಾಗುವ ತನಕ ಉರುಳದು. ಹೇರಿಕೆಯಿಂದ ಅದು ೨ ಮೀಟರಿಗೆ ಏರಿದರೆ ಸುಮಾರು ೨೨ ಡಿಗ್ರಿ ಓರೆ ಸಾಕು. ಓಡುವ ಗಾಡಿಯು ತಿರುವಿನಲ್ಲಿ ತಿರುಗಿದಾಗ, ಗಾಲಿ ತಗ್ಗಿಗಿಳಿದಾಗ, ಕಬ್ಬು ಒಂದು ಮಗ್ಗುಲಿಗೆ ಜರುಗಿದಾಗ ಇದಕ್ಕಿಂತಲೂ ಕಡಮೆ ಓರೆಯಲ್ಲಿ ಅದು ಮಗುಚಬಹುದು. ಹೇರಿದ ಕಬ್ಬಿನ ಮೇಲೆ ಜನರು, ಕೆಲವೊಮ್ಮೆ ಮಕ್ಕಳೂ, ಕುಳಿತು ಪ್ರಯಾಣ ಮಾಡುವುದುಂಟು. ಎತ್ತರವಾದ ಮಣ್ಣೆತ್ತು ಹಲಗೆಯಿಂದ ಮೊದಲು ಉರುಳಿದುದನ್ನು ಕಂಡ ಮಗುವು ಆ ಗಾಡಿಯನ್ನು ಹತ್ತುವ ಮೊದಲು ಒಮ್ಮೆ ಯೋಚಿಸಿದರೆ ಈ ಪಾಠ ಸಾರ್ಥಕವಾಯಿತು.

೮. ಉಪಾಧ್ಯಾಯರಿಗೆ ಕೆಲವು ಎಚ್ಚರಿಕೆಗಳು

ಮೊದಲನೆಯದಾಗಿ, ತಿರುಗುವ ಬುಗುರಿಯನ್ನು ಈ ಪಾಠದ ಉದಾಹರಣೆಯಾಗಿ ಕೊಡಬಾರದು. ಅದರ ಗುರುತ್ವಕೇಂದ್ರವು ಮೊಳೆಯ ತುದಿಗಿಂತ ಮೇಲಿದೆ. ಅದು ನಿಲ್ಲುವುದು ಭ್ರಮಣದ ಬಲದಿಂದ. ನಿಂತ ಬುಗುರಿ ಬೀಳುವುದನ್ನೂ ತಿರುಗುವ ಬುಗುರಿ ಬೀಳದಿರುವುದನ್ನೂ ತೋರಿಸಿ, ಇದಕ್ಕೆ ಬೇರೊಂದು ಕಾರಣವಿದೆಯೆಂದಷ್ಟೇ ಹೇಳಿ ಮುಂದಿನ ತರಗತಿಗೆ ಬಿಡಬೇಕು.

ಎರಡನೆಯದಾಗಿ, ಗುರುತ್ವಕೇಂದ್ರವು ವಸ್ತುವಿನ ಒಳಗೇ ಇರಬೇಕೆಂಬ ನಿಯಮವಿಲ್ಲ. ಕೊಡದ ಕೆಳಗೆ ತಲೆಯ ಮೇಲಿಡುವ ಸಿಂಬಿಯ ಗುರುತ್ವಕೇಂದ್ರವು 그 ನಡುವಣ ಬಯಲಿನಲ್ಲಿದೆ. ಅಂತೆಯೇ ಅದು ಯಾವಾಗಲೂ ನಿಶ್ಚಲವೂ ಅಲ್ಲ. ಅರ್ಧ ತುಂಬಿದ ಕೊಡದಲ್ಲಿ ನೀರು ತುಳುಕಿದಂತೆ ಅದು ಅತ್ತಿತ್ತ ಓಡಾಡುತ್ತದೆ; ತುಂಬಿದ ಕೊಡವನ್ನು ಹೊತ್ತು ನಡೆಯುವವರಿಗೆ ಆ ತೊಂದರೆ ಕಡಮೆ.

ಮೂರನೆಯದಾಗಿ, ನೀರಿನ ಮೇಲಿನ ದೋಣಿಯ ಸ್ಥಿರತೆಯು ಗುರುತ್ವಕೇಂದ್ರವೊಂದನ್ನೇ ಅವಲಂಬಿಸಿಲ್ಲ. ನೀರು ಮೇಲಕ್ಕೆ ನೂಕುವ ಬಲವು ಎಲ್ಲಿ ವರ್ತಿಸುತ್ತದೆಂಬುದೂ ಮುಖ್ಯ. ಆದರೂ ದೋಣಿಯಲ್ಲಿ ಎದ್ದು ನಿಲ್ಲುವುದರಿಂದ ಗುರುತ್ವಕೇಂದ್ರವು ಏರಿ ಅಪಾಯ ಹೆಚ್ಚುವುದೆಂಬ ಮಾತು ನಿಜ. ೨೦೨೦ರ ಅಕ್ಟೋಬರಿನ ಪ್ರವಾಹದಂತಹ ದಿನಗಳನ್ನು ಕಂಡ ಭೀಮಾತೀರದ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು.

ನಾಲ್ಕನೆಯದಾಗಿ, ಮುಳ್ಳು, ದಬ್ಬಣ, ಹರಿತವಾದ ಸಿಬಿರುಗಳು ಸಣ್ಣ ಮಕ್ಕಳ ಕೈಗೆ ತಕ್ಕವಲ್ಲ. ಹತ್ತು ವರ್ಷದ ಒಳಗಿನವರಿಗೆ ಮಣ್ಣು ಮತ್ತು ರಟ್ಟಿನ ಕೆಲಸಗಳೇ ಸಾಕು. ಕೊನೆಯದಾಗಿ, ಬೊಂಬೆಯ ಅಂದಕ್ಕೆ ಅಂಕ ಕೊಡಬಾರದು. ಬಿದ್ದ ಎತ್ತು ಏಕೆ ಬಿದ್ದಿತೆಂದು ಹೇಳಬಲ್ಲ ಮಗುವು, ಕಾರಣವರಿಯದೆ ನಿಲ್ಲಿಸಿದ ಮಗುವಿಗಿಂತ ಹೆಚ್ಚು ಕಲಿತಿದೆ.

೯. ಉಪಸಂಹಾರ

ಮೇಲೆ ವಿವರಿಸಿದ ಪಾಠಗಳನ್ನು ಋತುಮಾನಕ್ಕೆ ಹೊಂದಿಸಿ ಹಂಚಬಹುದು: ಮುಂಗಾರಿನ ಆರಂಭದಲ್ಲಿ ಮಣ್ಣೆತ್ತು, ಶ್ರಾವಣದಲ್ಲಿ ಜೋಕಾಲಿ, ಕಬ್ಬಿನ ಕಾಲಕ್ಕೆ ಗಾಡಿಯ ಲೆಕ್ಕ, ಹಿಂಗಾರಿ ಜೋಳದ ಸುಗ್ಗಿಗೆ ದಂಟು ಮತ್ತು ತಕ್ಕಡಿ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ೬ರಿಂದ ೮ನೆಯ ತರಗತಿಯವರೆಗಿನ ಮಕ್ಕಳು ಸ್ಥಳೀಯ ಕಸಬುಗಾರರಿಂದ ಕಲಿಯಲೆಂದು ೧೦ ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿದೆ; ಅಂತಹ ದಿನಗಳಿಗೆ ಇವು ತಕ್ಕ ಕೆಲಸಗಳು. ಶಿಕ್ಷಕರ ತರಬೇತಿ ಕಾಲೇಜುಗಳ ವಿದ್ಯಾರ್ಥಿಗಳು ಒಂದೊಂದು ಪಾಠವನ್ನು ತಾವೇ ಮೊದಲು ಕೈಯಾರೆ ಮಾಡಿ ನೋಡಿ, ಮಕ್ಕಳು ಎಲ್ಲಿ ಎಡವುತ್ತಾರೆಂಬುದನ್ನು ಬರೆದಿಟ್ಟರೆ ಮುಂದಿನವರಿಗೆ ಅದು ದಾರಿದೀಪವಾಗುವುದು.

ಕಬ್ಬು ತೊಗರಿಗಳು ಹಬ್ಬಿದ ಹೊಲಗಳಲ್ಲಿ ಜೋಳದ ದಂಟು ಹಿಂದಿನಷ್ಟು ಸಿಗದಾಗಿದೆ. ಅದರೊಡನೆ ಬೆಂಡಿನ ಬಂಡಿಯನ್ನು ಕಟ್ಟುವ ಕೈಗಳೂ, ಚಕ್ಕಡಿಯನ್ನು ತೂಗಿ ಹೇರುವ ಕೈಗಳೂ ವಿರಳವಾಗುತ್ತಿವೆ. ಈ ಕೈಗಳು ಬಲ್ಲುದನ್ನು ಪುಸ್ತಕವು ಸೂತ್ರರೂಪದಲ್ಲಿ ಉಳಿಸಿಕೊಂಡಿದೆ. ಪುಸ್ತಕವು ಹೇಳುವುದನ್ನು ಈ ಕೈಗಳು ಅನುಭವರೂಪದಲ್ಲಿ ಉಳಿಸಿಕೊಂಡಿವೆ. ಎರಡನ್ನೂ ಕೂಡಿಸಲು ಅವಕಾಶವಿರುವ ಕೊನೆಯ ತಲೆಮಾರಿನ ಉಪಾಧ್ಯಾಯರು ನಾವಾಗಿರಬಹುದು. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ತರಗತಿಗೆ ಒಂದು ಬುಟ್ಟಿ ಎರೆಮಣ್ಣನ್ನು ತರಿಸುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.